ಬೆಂಕಿ ಉಸಿರಾಡುವ ದಾರಿ ನನಗೆ ಗೊತ್ತಿತ್ತು

ಮೂರನೆಯ ಹಾಳೆ ನನ್ನ ಬಳಿ ಇತ್ತು. ಅದು ನನಗೆ ತಲುಪಿಯೇ ಇಲ್ಲ ಎಂದು ಮೂರು ವರ್ಷಗಳ ಹಿಂದೆ, ತುಂಬಿದ ಸಭೆಯಲ್ಲಿ, ಮೈಕಿನ ಮುಂದೆ ನಿಂತು ನಾನು ಹೇಳಿದ್ದು ಸುಳ್ಳು. ನಿಮ್ಮಲ್ಲಿ ಅನೇಕರು ಅಂದು ಅಲ್ಲಿದ್ದಿರಿ, ಚಪ್ಪಾಳೆ ತಟ್ಟಿದಿರಿ. ಆ ಚಪ್ಪಾಳೆಯನ್ನು ಹಿಂದಿರುಗಿಸುವ ದಾರಿಯೊಂದು ಇದ್ದಿದ್ದರೆ — ಇಲ್ಲ, ಹೀಗೆ ಶುರುಮಾಡಿದರೆ ನಾನು ಮತ್ತೆ ಭಾಷಣಕ್ಕೆ ಇಳಿಯುತ್ತೇನೆ. ನಡೆದದ್ದನ್ನು ಹೇಳುತ್ತೇನೆ.

ದುಬೈಯ ನಮ್ಮ ಕನ್ನಡ ಸಂಘದ ಈ ಸ್ಮರಣ ಸಂಚಿಕೆಗೆ ನಾನು ಬರೆಯಬೇಕಾಗಿದ್ದದ್ದು ಬೇರೆಯೇ ಲೇಖನ. ಕಾರ್ಯದರ್ಶಿ ಸುಧಾಕರಣ್ಣ ಹೋದ ತಿಂಗಳು ಫೋನ್ ಮಾಡಿದ್ದರು. “ಎಂತ ಮಾರಾಯ್ತಿ, ನಿನ್ನ ಒಂದು ಪ್ರಶ್ನೆಯಿಂದ ನೇಪಾಳದಲ್ಲಿ ಒಂದು ಮನೆ ಸರಿಯಾಯಿತಂತಲ್ಲ! ಅದನ್ನೇ ಬರಿ. ಎರಡು ಪುಟ ಸಾಕು. ಮತ್ತೆ ಸ್ಟೇಜಿನಲ್ಲಿ ನಿನಗೊಂದು ಶಾಲು ಹೊದಿಸುವ.” ನಾನು ಹೂಂ ಎಂದೆ. ಹೂಂ ಎಂದು ಫೋನ್ ಇಟ್ಟ ಮೇಲೆ ಒಂದು ಸಾಲೂ ಬರೆಯಲಾಗಲಿಲ್ಲ. ಶಾಲು ಬೇಡವೆಂದು ಈಗ ಅವರಿಗೆ ತಿಳಿಸಿದ್ದೇನೆ. ಏಕೆಂಬುದನ್ನು ಅವರೂ ಇಲ್ಲೇ ಓದಲಿ.

ನನ್ನ ಹೆಸರು ರೆನಿಟಾ. ಬಂಟ್ವಾಳದ ಕಡೆಯವಳು. ಮನೆಮಾತು ಕೊಂಕಣಿ, ಜಗಳದ ಮಾತು ಮಾತ್ರ ಕನ್ನಡ, ಏಕೆಂದರೆ ಕಾಲೇಜಿನ ಐದೂ ವರ್ಷ ಕನ್ನಡ ಚರ್ಚಾಸ್ಪರ್ಧೆಗಳಲ್ಲೇ ಕಳೆದೆ. ಎದುರು ಪ್ರಶ್ನೆ ಹಾಕದೆ ಯಾವುದನ್ನೂ ಒಪ್ಪಿದವಳಲ್ಲ. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಇಬ್ಬರು ಗೆಳತಿಯರ ಜೊತೆ ಫ್ಲ್ಯಾಟ್ ಹಂಚಿಕೊಂಡಿದ್ದೇನೆ. ಕೆಲಸ ಕಟ್ಟಡದ ಗುತ್ತಿಗೆ ಕಂಪನಿಯೊಂದರಲ್ಲಿ: ‘ತಡವಾದದ್ದು ನಮ್ಮ ತಪ್ಪಲ್ಲ’ ಎಂದು ಉಪಗುತ್ತಿಗೆದಾರರು ಬರೆಯುವ ಪತ್ರಗಳಿಗೆ ‘ನಿಮ್ಮದೇ ತಪ್ಪು’ ಎಂದು ಉತ್ತರ ಬರೆಯುವುದು. ಈ ಕೆಲಸದಲ್ಲಿ ಹೊಸಬರು ಮೊದಲು ಕಲಿಯುವ ವಾಕ್ಯ ಒಂದಿದೆ — ‘ನೀವು ಹೇಳಿರುವ ಲಗತ್ತು ನಮಗೆ ತಲುಪಿಲ್ಲ.’ ಲಗತ್ತು ಮೇಜಿನ ಮೇಲೇ ಇದ್ದರೂ ಹಾಗೆ ಬರೆಯಬಹುದು. ಅವರು ಹುಡುಕಿ ಮತ್ತೆ ಕಳಿಸುವಷ್ಟರಲ್ಲಿ ನಮಗೆ ಕೆಲವು ದಿನ ಸಿಗುತ್ತದೆ. ಯಾರೂ ಇದನ್ನು ಸುಳ್ಳು ಎನ್ನುವುದಿಲ್ಲ, ಪದ್ಧತಿ ಎನ್ನುತ್ತಾರೆ. ನೆಪಕ್ಕಾಗಿ ಇದನ್ನು ಹೇಳುತ್ತಿಲ್ಲ. ಆ ವಾಕ್ಯ ನನ್ನ ನಾಲಿಗೆಯ ಮೇಲೆ ಎಷ್ಟು ಆರಾಮವಾಗಿ ಕೂತಿತ್ತು ಎಂಬುದು ನಿಮಗೆ ತಿಳಿದಿರಲಿ.

ಆ ಸೆಪ್ಟೆಂಬರಿನಲ್ಲಿ ಸಂಘದ ‘ಹೊಸ ಯೋಚನೆ’ ಕಾರ್ಯಕ್ರಮವಿತ್ತು. ಯೋಚನೆ ತಂದವರು ಮೊದಲೇ ಹಾಳೆಗಳಲ್ಲಿ ಬರೆದು ಕೊಡಬೇಕು, ಆಮೇಲೆ ವೇದಿಕೆಯಲ್ಲಿ ವಿವರಿಸಬೇಕು. ಎದುರುವಾದಿ ಎಂದು ಒಬ್ಬರು ಅದನ್ನು ಒಡೆಯಲು ನೋಡುತ್ತಾರೆ; ಆ ಹಾಳೆಗಳ ಒಂದೇ ಪ್ರತಿ ಇರುವುದು ಅವರ ಫೈಲಿನಲ್ಲಿ. ಹಾಳೆಯಲ್ಲಿ ಇಲ್ಲದ ಮಾತನ್ನು ವೇದಿಕೆಯಲ್ಲಿ ಹೊಸದಾಗಿ ಸೇರಿಸುವಂತಿಲ್ಲ. ಒಡೆಯದೆ ಉಳಿದ ಯೋಚನೆಗೆ ಸಂಘದ ಇಂಜಿನಿಯರುಗಳು ‘ಇದು ಆಗುವಂಥದ್ದು’ ಎಂದು ಸಹಿ ಹಾಕಿಕೊಡುತ್ತಾರೆ. ಬಹುಮಾನ ಎಂದರೆ ಅಷ್ಟೇ. ಸತತ ಮೂರನೆಯ ವರ್ಷ ಎದುರುವಾದಿ ನಾನೇ ಆಗಿದ್ದೆ, ಒಮ್ಮೆಯೂ ಸೋತಿರಲಿಲ್ಲ.

ಶಿವಲಿಂಗಪ್ಪ ಬಂದದ್ದು ಆ ಸಹಿಗಾಗಿ. ವಿಜಯಪುರದ ಕಡೆಯವರು, ಐವತ್ತು ದಾಟಿದವರು. ಶೀತಲ ಗೋದಾಮುಗಳ ಗೋಡೆಗೆ, ಎ.ಸಿ. ಕೊಳವೆಗಳಿಗೆ ಇನ್ಸುಲೇಷನ್ ಸುತ್ತುವ ಕೆಲಸ; ಬದುಕಿನ ಅರ್ಧ ಗಲ್ಫಿನಲ್ಲಿ ಅದರಲ್ಲೇ ಕಳೆದಿದೆ. ಇರುವುದು ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿ. ಅದೇ ಕೋಣೆಯಲ್ಲಿ ಪೆಂಬಾ ಎಂಬ ನೇಪಾಳಿ ತರುಣ, ಕಟ್ಟಡಗಳಿಗೆ ಅಟ್ಟಣಿಗೆ ಕಟ್ಟುವವನು. ಪೆಂಬಾನ ತಾಯಿ ಬೆಟ್ಟದ ತುದಿಯ ಹಳ್ಳಿಯಲ್ಲಿ ಕಲ್ಲಿನ ಮನೆಯಲ್ಲಿದ್ದಾರೆ. ಚಳಿಗಾಲದಲ್ಲಿ ಅಲ್ಲಿ ಒಳಗಿಟ್ಟ ನೀರೂ ಹೆಪ್ಪುಗಟ್ಟುತ್ತದೆ. ಒಲೆ ಹಚ್ಚಿದರೆ ಹೊಗೆ, ಹೊಗೆಗೆಂದು ಬಾಗಿಲು ತೆರೆದರೆ ಚಳಿ. ದಿನಕ್ಕೊಂದು ಹೊರೆ ಕಟ್ಟಿಗೆ ಬೂದಿಯಾದರೂ ಗೋಡೆ ಬೆಚ್ಚಗಾಗುವುದಿಲ್ಲ. ಆ ಮನೆಯನ್ನು ಆ ಊರಿನ ಸಾಮಾನಿನಿಂದಲೇ ಬೆಚ್ಚಗೆ ಮಾಡಬಹುದು ಎಂಬುದು ಶಿವಲಿಂಗಪ್ಪನವರ ಯೋಚನೆ. ನೇಯಲು ಬಾರದ ಗಿಡ್ಡ ಉಣ್ಣೆ, ಬಾರ್ಲಿಯ ಹುಲ್ಲು, ಮಣ್ಣು, ಕಲ್ಲು. ಹೊರಗಿನಿಂದ ತರಬೇಕಾದದ್ದು ಎರಡು ಕೊಳವೆ ಮಾತ್ರ. ಊರಿನಲ್ಲಿದ್ದ ಪೆಂಬಾನ ಅಣ್ಣ ಒಂದೇ ಮಾತು ಹೇಳಿದ್ದನಂತೆ: ಓದಿದವರು ಸರಿ ಎಂದರೆ ಹಿಮ ಬೀಳುವ ಮೊದಲು ಕಟ್ಟುತ್ತೇನೆ.

ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ದಿನಗಳು. ಆ ದಿನಗಳಲ್ಲಿ ದುಬೈಯಲ್ಲಿ ಮನೆ ಕಾಯಿಸುವ ಯೋಚನೆ! ಓದುವ ಮೊದಲೇ ನಕ್ಕಿದ್ದೆ. ಓದಿದ ಮೇಲೆ ನಗು ನಿಂತಿತು.

ಗೆರೆ ಎಳೆದ ನೋಟ್‌ಬುಕ್ಕಿನ ಐದು ಹಾಳೆಗಳು, ನೀಲಿ ಬಾಲ್‌ಪೆನ್ನು. ನನ್ನ ಬಳಿ ಇದ್ದ ಗಟ್ಟಿ ಪ್ರಶ್ನೆ ಒಂದೇ: ಸಂದುಗಳನ್ನೆಲ್ಲ ಮುಚ್ಚಿದ ಮನೆಯೊಳಗೆ ಬೆಂಕಿ ಹಚ್ಚಿದರೆ ಮಲಗಿದವರು ಎದ್ದಾರೆಯೇ? ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಬೇಡಿ ಎಂಬ ಎಚ್ಚರಿಕೆಯನ್ನು ಇಲ್ಲಿಯ ಚಳಿಗಾಲದಲ್ಲಿ ನಾವೆಲ್ಲ ಕೇಳಿದ್ದೇವೆ. ಆದರೆ ಮೂರನೆಯ ಹಾಳೆಯಲ್ಲಿ ಅದಕ್ಕೂ ಉತ್ತರವಿತ್ತು. ನೆಲದಡಿಯಲ್ಲಿ ಒಂದು ಕೊಳವೆ. ಹೊರಗಿನ ಗಾಳಿ ಅದರೊಳಗಿಂದ ನೇರ ಒಲೆಯ ಹೊಟ್ಟೆಗೆ. ಹೊಗೆ ಇನ್ನೊಂದು ಕೊಳವೆಯಿಂದ ಚಾವಣಿಯ ಆಚೆಗೆ, ಕೆಂಡ ಇರುವಾಗ ಆ ದಾರಿ ಮುಚ್ಚಿಹೋಗದಂತೆ. ಮಲಗಿದವರಿಗೆಂದು ಗೋಡೆಯಲ್ಲಿ ಬೇರೆಯೇ ಸಣ್ಣ ಕಿಂಡಿ. ಕೆಳಗೆ ಬರೆದಿದ್ದರು: ‘ಬೆಂಕಿಗೆ ಹೊರಗಿನ ಉಸುರು. ಮನಶ್ಯಾಗ ಬ್ಯಾರೆ ಉಸುರು. ಎರಡೂ ಕೂಡಬಾರದು.’

ಅದನ್ನು ಓದಿದಾಗ ಮೈ ಜುಮ್ಮೆಂದದ್ದು ನಿಜ. ಆ ಬೆರಗಿನ ಬೆನ್ನಿಗೇ ಬಂದ ಸಿಟ್ಟೂ ನಿಜ. ಕೈಬರಹದ ಐದು ಹಾಳೆಯ ಮನುಷ್ಯ ನನ್ನ ಒಂದೇ ಒಂದು ಪ್ರಶ್ನೆಯನ್ನು ಮೊದಲೇ ಕೇಳಿಕೊಂಡು, ಉತ್ತರಿಸಿ, ಚಿತ್ರವನ್ನೂ ಬರೆದಿಟ್ಟಿದ್ದಾರೆ. ನಾನು ಏನು ಹೇಳಲಿ? ‘ಸರಿ’ ಎಂದು ಹೇಳಿ ಇಳಿಯಬಹುದಿತ್ತು. ಸಭಾಂಗಣಕ್ಕೆ ಹೋಗುವ ಶೇರಿಂಗ್ ಕಾರಿನಲ್ಲಿ, ಹಿಂದಿನ ಸೀಟಿನಲ್ಲಿ, ನಾನು ಆ ಹಾಳೆಯನ್ನು ಫೈಲಿನಿಂದ ತೆಗೆದು ಕೈಚೀಲದೊಳಗೆ ಇಟ್ಟುಕೊಂಡೆ.

ವೇದಿಕೆಯಲ್ಲಿ ಮೊದಲು ನಗಿಸಿದೆ. “ಶಿವಲಿಂಗಪ್ಪನವರೇ, ಮರುಭೂಮಿಯಲ್ಲಿ ಒಲೆ ಮಾರಲು ಬಂದಿದ್ದೀರಿ. ಮುಂದಿನ ವರ್ಷ ಕಂಬಳಿಯೇ?”

“ಈ ವರ್ಷಾನೂ ಕಂಬಳೀನ ಐತ್ರಿ ಮೇಡಮ್ಮಾರ. ಮನಿಗಿ ಹೊಚ್ಚೂ ಕಂಬಳಿ!”

ಜನ ಅವರ ಕಡೆ ನಕ್ಕರು. ಅದು ನನಗೆ ಚುಚ್ಚಿತು. ಅವರು ಉತ್ಸಾಹದಿಂದ ಮುಂದುವರಿದರು: “ತಂಪು ಕಾಯೂದು, ಬಿಸಿ ಕಾಯೂದು ಎರಡೂ ಒಂದ ಕೆಲಸ ರೀ. ಇಲ್ಲಿ ಬಿಸಿ ಹೊರಗಿಂದ ಒಳಗ ಬರಬಾರದು, ಅಲ್ಲಿ ಒಳಗಿಂದ ಹೊರಗ ಹೋಗಬಾರದು. ನಡುವಿನ ಗ್ವಾಡಿ ಒಂದ.” ಆಮೇಲೆ ಕೈಯ ಹಿಂಬದಿಯನ್ನು ನೀರಿನಲ್ಲಿ ಅದ್ದಿ, ತಾವು ತಂದ ಮಾದರಿ ಮನೆಯ ಸಂದುಗಳ ಉದ್ದಕ್ಕೂ ಮೆಲ್ಲಗೆ ಆಡಿಸಿ ತೋರಿಸಿದರು. ಅವರ ಕಸುಬಿನವರು ಗಾಳಿ ಸೋರುವ ಜಾಗವನ್ನು ಹಾಗೆ ಹುಡುಕುತ್ತಾರಂತೆ; ಒದ್ದೆ ಚರ್ಮಕ್ಕೆ ಕೂದಲೆಳೆಯ ಗಾಳಿಯೂ ತಣ್ಣಗೆ ತಿಳಿಯುತ್ತದೆ.

“ಎಲ್ಲ ಮುಚ್ಚಿದಿರಿ,” ಎಂದೆ. “ಒಳಗೆ ಬೆಂಕಿ ಉರಿಯುತ್ತಿದೆ. ಆ ಬೆಂಕಿ ಎಲ್ಲಿಂದ ಉಸಿರಾಡುತ್ತದೆ?”

ಅವರ ಮುಖ ಅರಳಿತು. ಅದೇ ಪ್ರಶ್ನೆಗೆ ಕಾದಿದ್ದವರ ಹಾಗೆ. “ಭಾಳ ಛಲೋ ಕೇಳಿದ್ರಿ! ಅದು ಮೂರನೇ ಹಾಳ್ಯಾಗ ಐತ್ರಿ —”

“ಮೂರನೆಯ ಹಾಳೆ ನನಗೆ ತಲುಪಿಲ್ಲ.”

ಫೈಲು ತೆರೆದು ಎತ್ತಿ ತೋರಿಸಿದೆ. ಎರಡು, ಅದರ ನಂತರ ನಾಲ್ಕು.

“ಕೊಟ್ಟೀನ್ರಿ… ಕೊಟ್ಟೀನಿ ಅನಸ್ತೈತಿ…”

ಇಲ್ಲಿ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. “ಕೊಟ್ಟಿದ್ದೀರೋ, ಕೊಟ್ಟಿದ್ದೀರಿ ಅನ್ನಿಸುತ್ತದೋ? ಎರಡರಲ್ಲಿ ಒಂದು ಹೇಳಿ.”

ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. ಹಾಳೆ ಅಲ್ಲೇ ಎಲ್ಲೋ ಇರಬಹುದು ಎಂಬಂತೆ. “ಗೊತ್ತಿಲ್ರಿ,” ಎಂದರು.

“ಹಾಗಾದರೆ ಉಸಿರಿಗೆ ದಾರಿಯಿಲ್ಲದ ಕೋಣೆಯಲ್ಲಿ ಬೆಂಕಿ ಹಚ್ಚಿ ಒಬ್ಬ ತಾಯಿಯನ್ನು ಮಲಗಿಸುತ್ತೀರಿ. ಅದಕ್ಕೆ ಮನೆ ಎನ್ನುವುದಿಲ್ಲ, ಗೋರಿ ಎನ್ನುತ್ತಾರೆ.”

ಚಪ್ಪಾಳೆ. ಮೂರನೆಯ ಸಾಲಿನಲ್ಲಿ ಪೆಂಬಾ ಫೋನ್ ಎತ್ತಿ ಹಿಡಿದು ಕೂತಿದ್ದ. ಆ ಕಡೆ ಊರಿನಲ್ಲಿ ಅವನ ಅಣ್ಣ ನೋಡುತ್ತಿದ್ದ. ಪಕ್ಕದಲ್ಲಿದ್ದ ಯಾರೋ ನನ್ನ ಮಾತನ್ನು ಅವನಿಗೆ ಹಿಂದಿಯಲ್ಲಿ ಹೇಳಿದರು. ಗೋರಿ ಎಂಬ ಪದ ಅವನಿಗೆ ತಲುಪಿದ್ದು ನನಗೆ ವೇದಿಕೆಯಿಂದಲೇ ಕಂಡಿತು. ಅವನು ಫೋನನ್ನು ಕೆಳಗಿಳಿಸಿದ.

ಮಾರನೆಯ ಬೆಳಿಗ್ಗೆ ಆ ಹಾಳೆಯನ್ನು ನಮ್ಮ ಕಟ್ಟಡದ ಕಸದ ಕಿಂಡಿಗೆ ಹಾಕಿದೆ. ಅಷ್ಟೇ. ಖಲಾಸ್ ಎಂದುಕೊಂಡೆ.

ನೀವು ಕೇಳಬಹುದು: ಅಷ್ಟಕ್ಕೇ ಅಂಥ ಪಾಪವೇನು, ಒಂದು ಸ್ಪರ್ಧೆ ತಾನೆ? ನಾನೂ ಹತ್ತು ತಿಂಗಳು ಅದೇ ವಾದದಲ್ಲಿ ಇದ್ದೆ. ಮುಂದಿನ ಜುಲೈಯಲ್ಲಿ ನಮ್ಮ ಕಂಪನಿ ಅಬುಧಾಬಿಯ ಹೊರಗೆ ಕಟ್ಟಿಸುತ್ತಿದ್ದ ಶೀತಲ ಗೋದಾಮಿಗೆ ಫೋಟೊ ತೆಗೆಯಲು ಹೋದೆ. ಸಾಮಾನು ತುಂಬುವ ಮೊದಲು ಒಂದು ಕೋಣೆಯನ್ನು ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಕ್ಕೆ ಇಳಿಸಿ ಪರೀಕ್ಷೆ ಮಾಡುತ್ತಿದ್ದರು. ದಪ್ಪ ಜಾಕೆಟ್ ತೊಟ್ಟು ಬಾಗಿಲಲ್ಲಿ ನಿಂತಿದ್ದ ಇನ್ಸುಲೇಷನ್ ಕೆಲಸದವರು ಶಿವಲಿಂಗಪ್ಪ.

“ಮೇಡಮ್ಮಾರ! ಬರ್ರಿ ಬರ್ರಿ. ಮನಿಗಿ ಹೊಚ್ಚೂ ಕಂಬಳಿ ತಯಾರ ಮಾಡೀನಿ, ನೋಡ್ರಿ.”

ನನಗೂ ಒಂದು ಜಾಕೆಟ್ ತೊಡಿಸಿ ಒಳಗೆ ಕರೆದೊಯ್ದರು. ಮೂಲೆಯಲ್ಲಿ ಒಂದೇ ಅಳತೆಯ ಎರಡು ಪ್ಲೈವುಡ್ ಪೆಟ್ಟಿಗೆಗಳು. ಎರಡರೊಳಗೂ ಅರವತ್ತು ವ್ಯಾಟಿನ ಹಳೆಯ ಮಾದರಿಯ ಬಲ್ಬು — ಅದೇ ಒಲೆ. ಎರಡರಲ್ಲೂ ಒಂದೊಂದು ಲೋಟ ನೀರು. ಒಂದಕ್ಕೆ ಬರಿಯ ಹಲಗೆ. ಇನ್ನೊಂದಕ್ಕೆ ಹಲಗೆಗಳ ನಡುವೆ ನಾಲ್ಕು ಬೆರಳು ದಪ್ಪ ಉಣ್ಣೆ, ಒಳಗೆ ಮಣ್ಣಿನ ಗಿಲಾವು. ಮೊದಲನೆಯದರ ಮುಚ್ಚಳ ತೆಗೆದರು. ಬಲ್ಬು ಉರಿಯುತ್ತಿತ್ತು, ಪಕ್ಕದ ಲೋಟದಲ್ಲಿ ನೀರು ಕಲ್ಲಾಗಿತ್ತು. “ಇನ್ನ ಇದರಾಗ ಕೈ ಹಾಕ್ರಿ,” ಎಂದರು. ನಾನು ಕೈಗವಸು ಕಳಚಿ ಕೈ ಹಾಕಿದೆ.

ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ಚಿಕ್ಕಂದಿನಲ್ಲಿ ಕೈ ತೂರಿಸಿದ್ದೆ, ಆ ಬಿಸುಪು. ಉಸಿರು ಮಂಜಾಗಿ ಬೀಳುವ ಕೋಣೆಯ ನಡುವೆ, ಮೂಗಿನ ತುದಿ ಮರಗಟ್ಟಿರುವಾಗ, ನನ್ನ ಬೆರಳುಗಳು ಮಾತ್ರ ಬೇರೆ ದೇಶದಲ್ಲಿದ್ದವು. ನಾನು ನಂಬಲಿಲ್ಲ. ಬಲ್ಬುಗಳನ್ನು ಅದಲು ಬದಲು ಮಾಡಿಸಿದೆ. ಲೋಟಗಳನ್ನೂ. ಅಡಿಯಲ್ಲಿ ಬೇರೆ ವೈರ್ ಇದೆಯೇ ಎಂದು ಮಂಡಿಯೂರಿ ನೋಡಿದೆ. “ನೋಡ್ರಿ, ಎಲ್ಲಾ ನೋಡ್ರಿ,” ಎಂದು ಅವರು ಖುಷಿಯಿಂದ ಟಾರ್ಚ್ ಹಿಡಿದರು. ನನ್ನ ಫೋಟೊ ಕೆಲಸ ಮುಗಿಸಿ ಮೂರು ಗಂಟೆ ಬಿಟ್ಟು ಮತ್ತೆ ಬಂದೆ. ಬರಿಯ ಹಲಗೆಯ ಪೆಟ್ಟಿಗೆಯಲ್ಲಿ ಬಿಸಿ ಲೋಟದ ನೀರು ಅಂಚಿನಿಂದ ಗಾಜಿನ ಹಾಗೆ ಬಿಗಿಯತೊಡಗಿತ್ತು. ಉಣ್ಣೆಯ ಪೆಟ್ಟಿಗೆಯಲ್ಲಿ ಕಲ್ಲಾಗಿದ್ದ ಲೋಟದ ನೀರು ಕರಗಿತ್ತು. ಒಂದು ಬಲ್ಬು! ನಾವು ಓದಲು ಹಚ್ಚಿ ಮರೆತುಬಿಡುತ್ತಿದ್ದಂಥ ಒಂದು ಬಲ್ಬು, ಹೋಗಲು ದಾರಿ ಸಿಗದಿದ್ದರೆ ಇಷ್ಟು ಚಳಿಯನ್ನು ದೂರ ನಿಲ್ಲಿಸಬಲ್ಲದು. ಇದನ್ನು ಶಾಲೆಯ ಪುಸ್ತಕದಲ್ಲಿ ಓದಿ ಅಂಕ ಪಡೆದಿದ್ದೆ. ಅಂದು ಕೈಗೆ ಗೊತ್ತಾಯಿತು. ಬಹಳ ಹೊತ್ತು ಕೈ ಹೊರಗೆ ತೆಗೆಯಲಾಗಲಿಲ್ಲ.

“ಹಾಳಿ ಕೊಡೂದ ಮರ್ತು ನಾ ತಪ್ಪು ಮಾಡಿದೆ,” ಎಂದರು ಶಿವಲಿಂಗಪ್ಪ. “ಆದ್ರ ನೀವು ಕೇಳಿದ್ದು ಛಲೋ ಆತು. ಮತ್ತೊಮ್ಮೆ ಎಲ್ಲಾ ತಪಾಸ ಮಾಡಿದೆ.”

ಅಷ್ಟರಲ್ಲಿ ಬಾಗಿಲಿನಿಂದ ಅವರ ಜೊತೆಯವನೊಬ್ಬ ಕೂಗಿದ: “ಓ ಭುಲಕ್ಕಡ್ ಚಾಚಾ, ಆಜ್ ಬಲ್ಬ್ ಬಂದ್ ಕಿಯಾ ಕಿ ಭೂಲ್ ಗಯಾ?” ಎಲ್ಲರೂ ನಕ್ಕರು, ಅವರೂ ನಕ್ಕರು. ಭುಲಕ್ಕಡ್, ಮರೆಗುಳಿ; ಇವತ್ತು ಬಲ್ಬು ಆರಿಸಿದೆಯೋ ಮರೆತೆಯೋ ಎಂಬ ತಮಾಷೆ. ಆ ಹೆಸರು ಎಂದಿನಿಂದ ಬಂತೆಂದು ನಾನು ಕೇಳಬೇಕಾಗಿರಲಿಲ್ಲ. ಅವರ ಜೇಬಿನಲ್ಲಿ ಸಣ್ಣ ಪುಸ್ತಕವೊಂದಿತ್ತು. ಬೀಗ ಹಾಕಿದ್ದು, ಸ್ವಿಚ್ ಆರಿಸಿದ್ದು, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಫೋರ್‌ಮನ್ ಮಾಡುತ್ತೇವೆಂದಾಗ ಬೇಡ ಎಂದರಂತೆ. “ತಲಿ ಮೊದಲಿನಂಗ ಇಲ್ರಿ. ಮಂದಿ ಜೀಂವದ ಜವಾಬ್ದಾರಿ ಯಾಕ?”

ಆ ಚಳಿಗಾಲದ ಕಥೆಯನ್ನೂ ಅವರೇ ಹೇಳಿದರು, ಯಾರ ಮೇಲೂ ದೂರಿಲ್ಲದೆ. ಪೆಂಬಾನ ಅಣ್ಣ ಕಟ್ಟಲಿಲ್ಲ. ತಾಯಿ ಹಿಂದಿನಂತೆಯೇ ದಿನವೂ ಹಿಮದಲ್ಲಿ ಕಟ್ಟಿಗೆ ತಂದರು. ಒಂದು ದಿನ ಹೊರೆಯ ಸಮೇತ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿಯಿತು, ಸೊಟ್ಟಗೆ ಕೂಡಿಕೊಂಡಿತು. ನೀನು ಹಾಳೆ ಮರೆಯದಿದ್ದರೆ ಅವ್ವ ಬೀಳುತ್ತಿರಲಿಲ್ಲ ಎಂದು ಪೆಂಬಾ ಒಮ್ಮೆ ಹೇಳಿ, ಆಮೇಲೆ ಇವರ ಜೊತೆ ಅಡುಗೆ ಹಂಚಿಕೊಳ್ಳುವುದನ್ನೇ ಬಿಟ್ಟ.

ಹಿಮದಲ್ಲಿ ಯಾರೂ ಜಾರಬಹುದು ಎಂದು ವಾದಿಸಬಲ್ಲೆ. ಕಾರಣಗಳ ಸರಪಣಿಯನ್ನು ಬೇಕಾದಲ್ಲಿ ಕಡಿಯುವುದೇ ನನ್ನ ಕಸುಬು. ಆದರೆ ಆ ಸರಪಣಿಯ ಒಂದು ಕೊಂಡಿಯನ್ನು ನಾನು ಕೈಯಾರೆ ಕಾರಿನಲ್ಲಿ — ಆಗಲೇ, ಆ ಪೆಟ್ಟಿಗೆಗಳ ಮುಂದೆಯೇ ಹೇಳಬೇಕಿತ್ತು. ಬಾಯಿ ತೆರೆದೆ. “ತುಂಬಾ ಚೆನ್ನಾಗಿದೆ ಅಣ್ಣ,” ಎಂದೆ. ಇದು ನನ್ನ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ಆ ಅಕ್ಟೋಬರಿನಲ್ಲಿ ಶಿವಲಿಂಗಪ್ಪ ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯ ಅರ್ಧವನ್ನು ನೇಪಾಳದಲ್ಲಿ ಕಳೆದರು. ತಾವು ಮಾಡದ ತಪ್ಪಿಗೆ ಪ್ರಾಯಶ್ಚಿತ್ತವಾಗಿ, ತಮ್ಮ ಮನೆಯವರ ಜೊತೆ ಇರಬೇಕಾದ ದಿನಗಳಲ್ಲಿ, ಪೆಂಬಾನ ಅಣ್ಣನನ್ನು ತಾವೇ ಒಪ್ಪಿಸಿ, ಇನ್ನೊಬ್ಬರ ತಾಯಿಯ ಗೋಡೆಗೆ ಉಣ್ಣೆ ತುಂಬಿದರು.

ಜನವರಿಯಲ್ಲಿ ಶಿವಲಿಂಗಪ್ಪನವರಿಂದ ನನ್ನ ಫೋನಿಗೆ ವಿಡಿಯೊ ಬಂತು. ಕಿಟಕಿಯ ಅರ್ಧದವರೆಗೆ ಹಿಮ. ಒಳಗೆ, ಒಲೆಗೆ ಸೇರಿಸಿ ಕಟ್ಟಿದ ಕಲ್ಲುಮಣ್ಣಿನ ಜಗಲಿಯ ಮೇಲೆ ಪೆಂಬಾನ ತಾಯಿ ಬರಿಗಾಲಿನಲ್ಲಿ ಕೂತಿದ್ದಾರೆ. ಹೊಗೆ ಜಗಲಿಯ ಹೊಟ್ಟೆಯೊಳಗೆ ಸುತ್ತಿ ಸುತ್ತಿ, ತನ್ನ ಬಿಸಿಯನ್ನೆಲ್ಲ ಕಲ್ಲಿಗೆ ಕೊಟ್ಟು, ಬಡವಾಗಿ ಹೊರಗೆ ಹೋಗುತ್ತದೆ. ಬೆಳಿಗ್ಗೆ ಒಂದಿಷ್ಟು ಕಟ್ಟಿಗೆ, ಸಂಜೆ ಒಂದಿಷ್ಟು, ಸಾಕು. ನಾನು ಬಿಡಲಿಲ್ಲ. ಕಟ್ಟಿಗೆಯ ರಾಶಿ ತೋರಿಸಿ ಎಂದೆ, ವಿಡಿಯೊ ಬಂತು. ಹೊಗೆ ಕೊಳವೆ? ಬಂತು. ಗಾಳಿ ಎಳೆಯುವ ಕೊಳವೆ? ಪೆಂಬಾನ ಅಣ್ಣ ಹೊರಗೆ ಹೋಗಿ, ಇಲಿ ನುಗ್ಗದಂತೆ ಜಾಳಿಗೆ ಕಟ್ಟಿದ್ದ ಕೊಳವೆಯ ಬಾಯಿಯ ಬಳಿ ಊದಿನಕಡ್ಡಿ ಹಿಡಿದ. ಹೊಗೆಯ ಎಳೆ ತುಸು ತೂಗಾಡಿತು, ಆಮೇಲೆ ನೇರವಾಗಿ ಒಳಕ್ಕೆ ಬಾಗಿತು. ಅಷ್ಟು ಬಿಳಿಯ ನಡುವೆ, ಅಷ್ಟು ಮೌನದಲ್ಲಿ, ಒಂದು ಮನೆ ಉಸಿರು ಎಳೆದುಕೊಳ್ಳುತ್ತಿತ್ತು. ಎಷ್ಟು ಸಲ ನೋಡಿದೆನೋ. ಯಾವುದಕ್ಕೂ ಸುಲಭವಾಗಿ ತಲೆಬಾಗದ ನಾನು ಅದಕ್ಕೆ ಬಾಗಿದೆ.

ಕೊನೆಯ ವಿಡಿಯೊದಲ್ಲಿ ಆ ತಾಯಿ ಸೊಟ್ಟ ಕೈಯನ್ನು ಎತ್ತಿ ಏನೋ ಹೇಳಿದರು. ಕೆಳಗೆ ಶಿವಲಿಂಗಪ್ಪ ಅರ್ಥ ಬರೆದಿದ್ದರು: ‘ಪ್ರಶ್ನೆ ಕೇಳಿದ ಮಗಳಿಗೆ ಆಶೀರ್ವಾದ.’

ಆ ಆಶೀರ್ವಾದವನ್ನು ಇಟ್ಟುಕೊಂಡು ಸುಮಾರು ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಕಳೆದ ಭಾನುವಾರ ಮುಹೈಸ್ನಾಕ್ಕೆ ಹೋದೆ. ಕ್ಯಾಂಪಿನ ಎದುರಿನ ಕೆಫೆಟೇರಿಯಾದಲ್ಲಿ ಶಿವಲಿಂಗಪ್ಪ, ಪೆಂಬಾ, ನಾನು. ಸನ್ಮಾನದ ವಿಷಯವೆಂದು ತಿಳಿದು ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು.

“ಅಣ್ಣ, ಮೂರನೆಯ ಹಾಳೆ ನೀವು ಕೊಟ್ಟಿದ್ದಿರಿ,” ಎಂದೆ. “ನಾನೇ ತೆಗೆದು ಬಚ್ಚಿಟ್ಟೆ. ಮಾರನೆಯ ದಿನ ಎಸೆದೆ.”

ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. ಜೋರಾಗಿ ಕೇಳಿದರೆ ಉತ್ತರ ಬದಲಾದೀತೇನೋ ಎಂಬಂತೆ, ಮೆಲ್ಲಗೆ ಕೇಳಿದರು.

“ಹಂಗಾರ… ನಾ ಮರ್ತಿದ್ದಿಲ್ಲ?”

“ಇಲ್ಲಣ್ಣ. ನೀವು ಮರೆತಿರಲಿಲ್ಲ.”

“ಖರೇ?”

“ಖರೇ.”

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಭುಜ ಒಮ್ಮೆ ಏರಿ ಇಳಿಯಿತು. ಆ ಕಡೆ ನೋಡುತ್ತಲೇ ಹೇಳಿದರು: “ಇವಂಗ ಹೇಳ್ರಿ. ಹಿಂದ್ಯಾಗ ಹೇಳ್ರಿ. ಪೂರಾ.”

ಹೇಳಿದೆ. ‘ಆದರೆ’ ಎಂಬ ಪದ ಬರದಂತೆ ನೋಡಿಕೊಂಡು, ಮೊದಲಿನಿಂದ ಕೊನೆಯವರೆಗೆ. ಪೆಂಬಾ ನನ್ನನ್ನು ನೋಡುತ್ತಿರಲಿಲ್ಲ, ಶಿವಲಿಂಗಪ್ಪನವರ ಬೆನ್ನನ್ನು ನೋಡುತ್ತಿದ್ದ. ನಾನು ಮುಗಿಸಿದ ಮೇಲೆ ಒಂದೇ ಮಾತು ಕೇಳಿದ.

“ಔರ್ ಮಾ ಕೀ ವೋ ಸರ್ದೀ, ದೀದಿ?”

ಅವ್ವನ ಆ ಚಳಿಗಾಲ? ಇಂಥ ಪ್ರಶ್ನೆಯಿಂದ ಜಾರಿಕೊಳ್ಳುವ ದಾರಿಗಳನ್ನು ಕಾಲೇಜಿನಲ್ಲಿ ಕಿರಿಯರಿಗೆ ನಾನೇ ಕಲಿಸಿದ್ದೇನೆ. “ಅದು ನನ್ನಿಂದ ಹೋಯಿತು,” ಎಂದೆ. “ತಿರುಗಿ ಕೊಡಲು ಆಗುವುದಿಲ್ಲ.”

ಅವನು ಎದ್ದುಹೋಗಿ ಶಿವಲಿಂಗಪ್ಪನವರ ತೋಳು ಹಿಡಿದು ಎಬ್ಬಿಸಿದ. ಇಬ್ಬರೂ ಬಿಸಿಲಿನಲ್ಲಿ ರಸ್ತೆ ದಾಟತೊಡಗಿದರು. ಆ ಬದಿ ತಲುಪುವ ಮೊದಲೇ ಪೆಂಬಾ ನಡುರಸ್ತೆಯಲ್ಲಿ ನಿಂತು, ಅವರ ಕೈಗಳೆರಡನ್ನೂ ತನ್ನ ಹಣೆಗೆ ಒತ್ತಿಕೊಂಡದ್ದು ಗಾಜಿನಾಚೆ ಕಂಡಿತು. ನನ್ನ ಕಡೆ ಇಬ್ಬರೂ ತಿರುಗಿ ನೋಡಲಿಲ್ಲ. ನಾನು ಕೂತೇ ಇದ್ದೆ.